ಕೆಂಪು ಚೀಟಿಯ ವೆಂಕಟಾಚಲ

ವೆಂಕಟಾಚಲರ ಎಡಗಣ್ಣು ಸದಾ ಅರ್ಧ ಮುಚ್ಚಿಕೊಂಡೇ ಇರುತ್ತದೆ. ಅದು ಹುಟ್ಟಿನಿಂದ ಬಂದ ಊನವಲ್ಲ, ವಯಸ್ಸು ತಂದ ದೌರ್ಬಲ್ಯವೂ ಅಲ್ಲ. ಗಡಿಯಾರದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ತಪಾಸಣೆಯ ಮೇಜಿನ ಮುಂದೆ ಕುಳಿತು, ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆ ಗಾತ್ರದ ಹಲ್ಲುಚಕ್ರಗಳನ್ನು ಒಂದೊಂದಾಗಿ ಪರೀಕ್ಷಿಸಿ ಪಕ್ಕಕ್ಕಿಡುವ ಆ ದೀರ್ಘ ಕಾಯಕದಲ್ಲಿ, ಕೆಲಸವಿಲ್ಲದ ಎಡಗಣ್ಣು ತಾನಾಗಿಯೇ ವಿಶ್ರಾಂತಿ ಪಡೆಯುವುದನ್ನು ಕಲಿತುಬಿಟ್ಟಿತು. ಪರಿಚಯವಿಲ್ಲದವರಿಗೆ ಅವರು ಕಣ್ಣು ಹೊಡೆದಂತೆ ಕಾಣುತ್ತದೆ. ಬಾಗಲೂರು ರಸ್ತೆಯ ಬಸ್ಸಿನಲ್ಲಿ ಒಬ್ಬ ಕಂಡಕ್ಟರು, ಇವರು ಟಿಕೆಟ್ಟು ಬೇಡವೆಂದು ಸನ್ನೆ ಮಾಡುತ್ತಿದ್ದಾರೆಂದು ಭಾವಿಸಿ, ಇಡೀ ಬಸ್ಸಿಗೆ ಕೇಳುವಂತೆ ತಮಿಳಿನಲ್ಲಿ ಬೈದದ್ದುಂಟು. ಒಮ್ಮೆ ನಮ್ಮ ಬಂಧುವೊಬ್ಬನಿಗೆ ಹೆಣ್ಣು ನೋಡಲು ಹಿರಿಯರೆಂದು ಇವರನ್ನು ಕರೆದೊಯ್ದಿದ್ದೆವು. ಹುಡುಗಿಯ ಅಜ್ಜಿ ಕಾಫಿ ಲೋಟ ಕೊಡಲು ಬಂದವರು ಕೈಯನ್ನು ಅರ್ಧದಲ್ಲೇ ಹಿಂದಕ್ಕೆಳೆದುಕೊಂಡದ್ದನ್ನು ನೆನೆದರೆ ನನಗೆ ಈಗಲೂ ನಗು ತಡೆಯುವುದಿಲ್ಲ. ವೆಂಕಟಾಚಲರಿಗೆ ಮಾತ್ರ ಇದಾವುದೂ ಗೊತ್ತಾಗುವುದೇ ಇಲ್ಲ. ಆ ಹೊತ್ತಿನಲ್ಲಿ ಅವರು ಲೋಟದ ಅಂಚು ಎಲ್ಲ ಕಡೆಯೂ ಒಂದೇ ಸಮನಾಗಿದೆಯೇ ಎಂದು ನೋಡುತ್ತಿರುತ್ತಾರೆ.

ಇಪ್ಪತ್ತಾರು ವರ್ಷಗಳಿಂದ ನಾವಿಬ್ಬರೂ ಹೊಸೂರಿನ ಒಂದೇ ಬೀದಿಯವರು. ನಾನು ಕನ್ನಡ ಪಾಠ ಹೇಳಿ ನಿವೃತ್ತನಾದವನು. ವಾಕ್ಯವೊಂದು ಚೆನ್ನಾಗಿ ಕೇಳಿಸಿದರೆ ಅದು ನಿಜವೇ ಇರಬೇಕೆಂದು ನಂಬುವ ಜಾತಿ. ಅವರದು ತದ್ವಿರುದ್ಧ ಪ್ರಕೃತಿ. ಬೆಳಗಿನ ವಾಯುವಿಹಾರಕ್ಕೆ ಅವರ ಜೊತೆ ಹೊರಟರೆ ವಾಯುವೂ ಇಲ್ಲ, ವಿಹಾರವೂ ಇಲ್ಲ. ಹತ್ತು ಹೆಜ್ಜೆ ನಡೆದು ನಿಲ್ಲುತ್ತಾರೆ. ಯಾರದೋ ಗೇಟಿನ ಕೀಲನ್ನೋ, ಹೊಸದಾಗಿ ಹಾಕಿದ ಚರಂಡಿಯ ಚಪ್ಪಡಿಯನ್ನೋ ಬಗ್ಗಿ ನೋಡುತ್ತಾರೆ. ನೆಟ್ಟಗಾಗಿ, ಸೊಂಟದ ಮೇಲೆ ಕೈಯಿಟ್ಟು, ಮತ್ತೆ ಹತ್ತು ಹೆಜ್ಜೆ. ಮೈಮೇಲೆ ಕಾರ್ಖಾನೆ ಕೊಟ್ಟಿದ್ದ ಬೂದುಬಣ್ಣದ, ಮೊಣಕಾಲು ಮುಟ್ಟುವ ಕೋಟು. ಎರಡು ಮೊಣಕೈಗಳಲ್ಲೂ ಅದು ತೇಪೆ ಕಂಡಿದೆ. ಅದರ ಎಡ ಜೇಬಿನಲ್ಲಿ ಹಸಿರು ಚೀಟಿ, ಬಲ ಜೇಬಿನಲ್ಲಿ ಕೆಂಪು ಚೀಟಿ. ಎರಡಕ್ಕೂ ದಾರ ಪೋಣಿಸಿರುತ್ತದೆ. ಸರಿಯಿದ್ದ ವಸ್ತುವಿಗೆ ಹಸಿರು, ಸರಿಯಿಲ್ಲದ್ದಕ್ಕೆ ಕೆಂಪು. ಕಾರ್ಖಾನೆಯ ಈ ಶಾಸನವನ್ನು ಅವರು ಮನೆಗೂ ತಂದರು. ಕುಕ್ಕರಿನ ಹಿಡಿಗೆ ಕೆಂಪು ಚೀಟಿ, ಬಚ್ಚಲಿನ ನಲ್ಲಿಗೆ ಕೆಂಪು ಚೀಟಿ, ಒಂದು ದೀಪಾವಳಿಗೆ ನಾನು ಆಸೆಯಿಂದ ಕೊಂಡ ಆರಾಮಕುರ್ಚಿಗೂ ಕೆಂಪು ಚೀಟಿ. ಅವರ ಹೆಂಡತಿ ಮಂಗಳಾ ಒಂದು ದಿನ ಸಹನೆ ಮೀರಿ ಅದೇ ಕೋಟಿನ ಹಿಂಬದಿಯ ಗುಂಡಿಗೆ ಒಂದು ಕೆಂಪು ಚೀಟಿ ಕಟ್ಟಿ ಕಳಿಸಿದರು. ವೆಂಕಟಾಚಲರು ತರಕಾರಿ ಮಾರುಕಟ್ಟೆಯನ್ನೆಲ್ಲ ಸುತ್ತಿ, ಮೂರು ಭಾಷೆಗಳಲ್ಲಿ ಚೌಕಾಸಿ ಮಾಡಿ, ಚೀಟಿಯ ಸಮೇತ ಮನೆಗೆ ಮರಳಿದರು.

ಕಾರ್ಖಾನೆಗಳ ಲೋಕದಲ್ಲಿ ಒಂದು ಪದ್ಧತಿಯುಂಟು. ಪ್ರತಿ ಪಾಳಿ ಶುರುವಾದಾಗ ಯಂತ್ರದಿಂದ ಹೊರಬಂದ ಮೊದಲ ಬಿಡಿಭಾಗವನ್ನು ತಪಾಸಣೆಗೆ ಒಯ್ಯಬೇಕು. ಅದಕ್ಕೆ ಹಸಿರು ಚೀಟಿ ಬೀಳುವವರೆಗೆ ಎರಡನೆಯದನ್ನು ಮಾಡುವಂತಿಲ್ಲ. ಅದಕ್ಕೆ ‘ಫಸ್ಟ್ ಪೀಸ್’ ಎಂದು ಹೆಸರು. ಬೆಳಿಗ್ಗೆ ಸರಿಯಾಗಿ ಹೊಂದಿಸಿದ ಯಂತ್ರ ಸಂಜೆಯವರೆಗೂ ಸರಿಯಾಗಿಯೇ ನಡೆಯುತ್ತದೆ ಎಂಬುದು ಇದರ ಹಿಂದಿನ ನಂಬಿಕೆ. ಗಡಿಯಾರದ ಚಕ್ರಗಳ ಮಟ್ಟಿಗೆ ಆ ನಂಬಿಕೆ ಮೂವತ್ತೊಂದು ವರ್ಷ ಅವರನ್ನು ಕೈಬಿಡಲಿಲ್ಲ. ಹಾಗಾಗಿ ಅದನ್ನೇ ಅವರು ಬದುಕಿಗೂ ಅನ್ವಯಿಸಿದರು. ಮದುವೆಮನೆಯಲ್ಲಿ ಮೊದಲ ಪಂಕ್ತಿಗೇ ಕೂರುತ್ತಿದ್ದರು. ಸಾರಿನ ಮೊದಲ ತುತ್ತು ಉಂಡು ಅಡುಗೆಯವರ ಕಡೆ ನೋಡಿ ತಲೆಯಾಡಿಸಿದರೆ ಅಡುಗೆಗೆ ಅನುಮತಿ ಸಿಕ್ಕಿತೆಂದು ಅರ್ಥ. ಕೊನೆಯ ಪಂಕ್ತಿಯವರಿಗೆ ಸಾರು ಎಷ್ಟು ನೀರಾಗಿ ಮುಟ್ಟಿತೆಂಬುದನ್ನು ಅವರು ಒಮ್ಮೆಯಾದರೂ ಕೇಳಿದ್ದು ನನಗೆ ನೆನಪಿಲ್ಲ.

ಇಂಥ ಮನುಷ್ಯ ಪರಿಸರದ ಉದ್ಯಮವೊಂದಕ್ಕೆ ಹೂಡಿಕೆದಾರರ ಮುಖಂಡನಾದದ್ದು ಹೇಗೆಂಬುದನ್ನು ಹೇಳಬೇಕು. ರಂಜಿನಿ ನಮ್ಮ ಊರಿನ ಹುಡುಗಿ, ರಾಸಾಯನಿಕ ಎಂಜಿನಿಯರು. ಮೂಕಂಡಪಲ್ಲಿಯ ಒಂದು ಓಣಿಯಲ್ಲಿ ಲೋಹಕ್ಕೆ ನಿಕಲ್, ಕ್ರೋಮ್ ಹೊಳಪು ಕೊಡುವ ಒಂಬತ್ತು ಸಣ್ಣ ಪ್ಲೇಟಿಂಗ್ ಶೆಡ್ಡುಗಳಿದ್ದವು. ಒಬ್ಬೊಬ್ಬರೂ ತಮ್ಮದೇ ನೀರು ಶುದ್ಧಿ ಮಾಡುವ ಘಟಕ ಕಟ್ಟಿಕೊಳ್ಳುವಷ್ಟು ಶಕ್ತರಲ್ಲ, ಕಟ್ಟಿಕೊಳ್ಳದಿದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟಿಸು ಬಂದು ಬಾಗಿಲು ಮುಚ್ಚಬೇಕು. ಒಂಬತ್ತಕ್ಕೂ ಸೇರಿ ಒಂದೇ ಘಟಕ, ತೊಳೆದ ನೀರಿನಲ್ಲಿ ಕರಗಿಹೋಗುವ ನಿಕಲ್ಲನ್ನು ಮರಳಿ ಪಡೆದು ಅವರಿಗೇ ಮಾರುವುದು, ನೀರಿನ ಬಹುಪಾಲನ್ನು ಮತ್ತೆ ಬಳಕೆಗೆ ಕೊಡುವುದು, ಉಳಿದದ್ದನ್ನು ನಿರಪಾಯವಾಗಿ ಕೆಳಗಿನ ಕೆರೆಯ ಕಾಲುವೆಗೆ ಬಿಡುವುದು: ಇದು ರಂಜಿನಿಯ ಯೋಜನೆ. ಬ್ಯಾಂಕಿನವರು ಅವಳ ಕಡತವನ್ನು ಗೌರವದಿಂದಲೇ ಹಿಂತಿರುಗಿಸಿದರು. ಕೊನೆಗೆ ನಿವೃತ್ತ ಕಾರ್ಮಿಕರ ಸಂಘದ ಸಭೆಯಲ್ಲಿ ಮಾತಾಡಲು ಅವಕಾಶ ಕೇಳಿಕೊಂಡು ಬಂದಳು. ಅರ್ಧ ಗಂಟೆ ಬಹಳ ಚೆನ್ನಾಗಿ ಮಾತಾಡಿದಳು; ನಾನಂತೂ ಆಗಲೇ ಒಲಿದುಹೋಗಿದ್ದೆ. ವೆಂಕಟಾಚಲರು ಎದ್ದು ನಿಂತು ಒಂದೇ ಮಾತು ಹೇಳಿದರು.

“ಫಸ್ಟ್ ಪೀಸ್ ತೋರ್ಸಮ್ಮ. ಮಾತು ಆಮೇಲೆ.”

ಪಕ್ಕದಲ್ಲಿದ್ದ ಮಾದೇಶ್ ಅವರ ಕೋಟು ಹಿಡಿದು ಜಗ್ಗಿದ. ಮಾದೇಶ್ ಬೇರಿಕೆ ಕಡೆಯ ರೈತರ ಮನೆಯವನು, ಅದೇ ಕಾರ್ಖಾನೆಯಲ್ಲಿ ಇವರ ಜೊತೆಗೇ ಸೇರಿ ಇವರ ಜೊತೆಗೇ ನಿವೃತ್ತನಾದವನು. ಇಬ್ಬರೂ ಒಂದೇ ಬುತ್ತಿಯಲ್ಲಿ ಉಂಡು ಬೆಳೆದ ಸಲಿಗೆ. ಜಗತ್ತಿನಲ್ಲಿ ವೆಂಕಟಾಚಲರನ್ನು ‘ಲಾ’ ಎಂದು ಕರೆಯುವ ಅಧಿಕಾರ ಅವನೊಬ್ಬನಿಗೇ ಇತ್ತು.

“ಏನ್ಲಾ, ಹೆಣ್ಮಗು ಅಷ್ಟು ಓದ್ಕೊಂಡು ಬಂದು ಹೇಳ್ತಾ ಐತೆ. ಒಸಿ ನಂಬ್ಬಾರ್ದೇನ್ಲಾ?”

“ನಂಬಿಕೆಗೆ ದೇವಸ್ಥಾನ ಇದೆ ಕಣೋ.”

ರಂಜಿನಿ ಕೋಪಿಸಿಕೊಳ್ಳಲಿಲ್ಲ. ಒಂದು ತಗಡಿನ ಶೆಡ್ಡಿನಲ್ಲಿ ನಾಲ್ಕು ಡ್ರಮ್ಮುಗಳ ಸಣ್ಣ ಮಾದರಿ ಕಟ್ಟಿದಳು. ವೆಂಕಟಾಚಲರು ಇಪ್ಪತ್ತೆರಡು ದಿನ ದಿನವೂ ಹೋಗಿ, ಪಾಳಿಯ ಮೊದಲ ಸೀಸೆ ನೀರು ಹಿಡಿದು, ಪರೀಕ್ಷೆಯ ಕಾಗದವನ್ನು ಅದರಲ್ಲಿ ಅದ್ದಿ, ಬಣ್ಣವನ್ನು ಭೂತಗನ್ನಡಿಯಲ್ಲಿ ನೋಡಿ, ಕೃಷ್ಣಗಿರಿಯ ಪ್ರಯೋಗಾಲಯಕ್ಕೂ ಒಂದು ಪಾಲು ಕಳಿಸಿ, ಇಪ್ಪತ್ಮೂರನೆಯ ದಿನ ಡ್ರಮ್ಮಿನ ಕೊರಳಿಗೆ ಹಸಿರು ಚೀಟಿ ಕಟ್ಟಿದರು. ಆ ಒಂದು ಚೀಟಿಯ ಬಲದ ಮೇಲೆ ಹನ್ನೊಂದು ಜನ ನಿವೃತ್ತರು ತಮ್ಮ ಉಳಿತಾಯದ ಒಂದು ಪಾಲನ್ನು ರಂಜಿನಿಯ ಕೈಗಿತ್ತರು. ಹನ್ನೊಂದರಲ್ಲಿ ನಾನೂ ಒಬ್ಬ. ಕೆರೆಯ ಮೇಲಿನ ಪ್ರೇಮಕ್ಕಿಂತ ನೆರೆಮನೆಯವರ ಎದುರು ಹಿಂಜರಿಯುವ ನಾಚಿಕೆಯೇ ನನ್ನನ್ನು ಹೂಡಿಕೆದಾರನನ್ನಾಗಿ ಮಾಡಿತೆಂದು ಒಪ್ಪಿಕೊಳ್ಳುತ್ತೇನೆ. ಒಪ್ಪಂದ ಬರೆಯುವಾಗ ವೆಂಕಟಾಚಲರು ಲಾಭದ ಶರತ್ತುಗಳನ್ನು ಓದಲೂ ಇಲ್ಲ. ಒಂದೇ ಒಂದು ಕಲಮನ್ನು ಹಟ ಹಿಡಿದು ಸೇರಿಸಿದರು: ಹೊರಹೋಗುವ ನೀರು ಕೆಟ್ಟಿದೆಯೆಂದು ಕಂಡರೆ ಮುಖ್ಯ ಕವಾಟಕ್ಕೆ ಕೆಂಪು ಚೀಟಿ ಕಟ್ಟಿ ಘಟಕವನ್ನು ನಿಲ್ಲಿಸುವ ಹಕ್ಕು ತನಗಿರಬೇಕು, ಕಟ್ಟಿದ ಚೀಟಿಯನ್ನು ಕಟ್ಟಿದವನ ಹೊರತು ಬೇರೆ ಯಾರೂ ಬಿಚ್ಚಕೂಡದು. ರಂಜಿನಿ ನಕ್ಕು ಸಹಿ ಹಾಕಿದಳು. ಆ ಹಕ್ಕು ಚಲಾವಣೆಗೆ ಬರುವ ದಿನ ಒಂದಿದೆಯೆಂದು ಅವಳಿಗಾಗಲಿ ನಮಗಾಗಲಿ ಹೊಳೆದಿರಲಿಲ್ಲ.

ಎರಡು ವರ್ಷ ಘಟಕ ನಡೆಯಿತು. ಪ್ರತಿ ಪಾಳಿಯ ಆರಂಭದಲ್ಲಿ ಒಂದು ಸೀಸೆ, ಒಂದು ಪರೀಕ್ಷೆ, ಒಂದು ಹಸಿರು ಚೀಟಿ. ಪ್ಲೇಟಿಂಗಿನವರಿಗೆ ನಿಕಲ್ ಉಳಿಯಿತು, ನೀರಿನ ಟ್ಯಾಂಕರು ತರಿಸುವುದು ಕಡಿಮೆಯಾಯಿತು, ನೋಟಿಸಿನ ಭಯ ಹೋಯಿತು. ಬೆಂಗಳೂರಿನ ಒಂದು ಹೂಡಿಕೆ ಸಂಸ್ಥೆಯಿಂದ ನಂದಿತಾ ಎಂಬ ಅಧಿಕಾರಿಣಿ ಪತ್ರ ಬರೆದರು. ಇಂಥ ಘಟಕವನ್ನು ಇಡೀ ಕೈಗಾರಿಕಾ ಪ್ರದೇಶಕ್ಕೆ ವಿಸ್ತರಿಸಲು ತಮ್ಮ ಸಂಸ್ಥೆ ಬಂಡವಾಳ ಹಾಕಬಹುದು, ಹಳೆಯ ಸಣ್ಣ ಹೂಡಿಕೆದಾರರಿಗೆ ಬೇಕಿದ್ದರೆ ಅವರ ಪಾಲನ್ನು ಒಳ್ಳೆಯ ಬೆಲೆಗೆ ಕೊಂಡುಕೊಳ್ಳಬಹುದು, ಇಂಥ ಸೋಮವಾರ ಬಂದು ಎಲ್ಲವನ್ನೂ ನೋಡುತ್ತೇವೆ ಎಂದಿತ್ತು. ಮಾದೇಶ್ ಆ ಪತ್ರ ಕೇಳಿ ಕುಣಿದಾಡಿದ. ಬೇರಿಕೆಯಲ್ಲಿ ಮಗಳು ಶಶಿಕಲಾಳಿಗೆ ಹೂವಿನ ಸಸಿಗಳ ನರ್ಸರಿ ಹಾಕಿಸಿಕೊಡಬೇಕೆಂಬುದು ಅವನ ಬಹುದಿನದ ಆಸೆಯಾಗಿತ್ತು.

ಈ ಎರಡು ವರ್ಷಗಳಲ್ಲಿ ಅಪಸ್ವರವೊಂದು ಕೇಳಿಬರದೆ ಇರಲಿಲ್ಲ. ಕೆಳಗಿನ ಕೆರೆಯ ಕಾಲುವೆಯಂಚಿನಲ್ಲಿ ಗೋವಿಂದಮ್ಮನ ಹೊಲ. ಅರ್ಧ ಎಕರೆಯಲ್ಲಿ ಕೊತ್ತಂಬರಿ, ಒಂದಿಷ್ಟು ಸೇವಂತಿಗೆ, ಎರಡು ಹಸು. ಅವಳ ಗಂಡನ ಮನೆಯವರು ತಲೆಮಾರುಗಳಿಂದ ಆ ಕೆರೆಯ ನೀರಗಂಟಿಗಳು, ಅಂದರೆ ಯಾರ ಗದ್ದೆಗೆ ಯಾವ ದಿನ ಎಷ್ಟು ಹೊತ್ತು ನೀರೆಂದು ತೂಬು ತೆರೆದು ಮುಚ್ಚುವವರು. ಅವಳು ಮೂರು ಸಲ ಘಟಕಕ್ಕೆ ಬಂದು ಒಂದೇ ದೂರು ಹೇಳಿದ್ದಳು: ವಾರವೆಲ್ಲ ಸರಿಯಿರುವ ನೀರು ಭಾನುವಾರ ಬೆಳಿಗ್ಗೆ ಸರಿಯಿರುವುದಿಲ್ಲ, ಹಸು ಮೂತಿಯಿಟ್ಟು ಹಿಂದಕ್ಕೆ ಸರಿಯುತ್ತದೆ. ಮೂರು ಸಲವೂ ವೆಂಕಟಾಚಲರು ಬಹಳ ತಾಳ್ಮೆಯಿಂದ ಅವಳನ್ನು ಕೂರಿಸಿ, ಎರಡು ವರ್ಷದ ಹಸಿರು ಚೀಟಿಗಳನ್ನು ದಿನಾಂಕದ ಪ್ರಕಾರ ಅಂಟಿಸಿದ ದಪ್ಪ ಪುಸ್ತಕವನ್ನು ಪುಟಪುಟವಾಗಿ ತಿರುವಿ ತೋರಿಸಿದರು. ಮೂರನೆಯ ಸಲ ಅವಳು ಎದ್ದು ಸೆರಗು ಕೊಡವಿಕೊಂಡು ಹೇಳಿದ ಮಾತಿಗೆ ನಾನು ಸಾಕ್ಷಿ.

“ನಿಮ್ ಪುಸ್ತಕ ಬೋ ಚೆಂದಾಗೈತೆ ಸಾಮಿ. ನಮ್ ಕೊತ್ತಂಬ್ರಿ ಸುಟ್ಟೋಗೈತೆ.”

ವೆಂಕಟಾಚಲರು ನಕ್ಕುಬಿಟ್ಟರು. ನಾನೂ ನಕ್ಕೆ. ಆ ನಗುವನ್ನು ನೆನೆದರೆ ಈಗ ನನಗೆ ನಾಚಿಕೆಯಾಗುತ್ತದೆ.

ನಂದಿತಾ ಬರಬೇಕಾದ ಸೋಮವಾರಕ್ಕೆ ಇನ್ನೂ ಎಂಟು ದಿನವಿತ್ತು. ಭಾನುವಾರ ಬೆಳಿಗ್ಗೆ ವೆಂಕಟಾಚಲರ ಜಗಲಿಯಲ್ಲಿ ನಾವಿಬ್ಬರೂ ಕಾಫಿ ಕುಡಿಯುತ್ತಿದ್ದಾಗ ಗೋವಿಂದಮ್ಮ ಗೇಟು ತೆಗೆದುಕೊಂಡು ಒಳಗೆ ಬಂದಳು. ಕೈಯಲ್ಲಿ ಐದು ಲೀಟರಿನ ಎಣ್ಣೆ ಕ್ಯಾನು. ಟೌನ್ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಬಂದಿದ್ದಳು. ಕ್ಯಾನನ್ನು ಜಗಲಿಯ ಮೇಲಿಟ್ಟು, “ಇವತ್ತಿನ್ ನೀರು. ಈಗ್ ನೋಡಿ. ನಾನ್ ಬತ್ತೀನಿ, ಹಸ ಕಟ್ಟಾಕಿ ಬಂದಿವ್ನಿ” ಎಂದವಳೇ ತಿರುಗಿ ಹೊರಟುಹೋದಳು, ಮಂಗಳಾ ಕಾಫಿಗೆ ಕರೆದದ್ದೂ ಅವಳಿಗೆ ಕೇಳಿಸಿದಂತಿರಲಿಲ್ಲ. ವೆಂಕಟಾಚಲರು ಒಳಗಿನಿಂದ ಪರೀಕ್ಷೆಯ ಕಾಗದ ತಂದು ಅದ್ದಿದರು. ಬಣ್ಣ ಬಂತು. ಬರಬಾರದ ಬಣ್ಣ ಅದು. ಎರಡನೆಯ ಕಾಗದ, ಮೂರನೆಯ ಕಾಗದ. ಭೂತಗನ್ನಡಿ ಇಟ್ಟುಕೊಂಡು ನೋಡಿದರು, ತೆಗೆದು ನೋಡಿದರು. ಆ ದಿನ ಮೊದಲ ಬಾರಿಗೆ ನಾನು ಅವರ ಎಡಗಣ್ಣು ಪೂರ್ತಿ ತೆರೆದದ್ದನ್ನು ಕಂಡೆ.

ಆ ವಾರ ಅವರು ಯಾರೊಂದಿಗೂ ಹೆಚ್ಚು ಮಾತಾಡಲಿಲ್ಲ. ದಿನವೂ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೀರು ಹಿಡಿದರು, ಎಲ್ಲವೂ ಸರಿಯಿತ್ತು. ಶನಿವಾರ ಸಂಜೆ ಐದಕ್ಕೆ ನನ್ನನ್ನೂ ಕರೆದುಕೊಂಡು ಘಟಕಕ್ಕೆ ಹೋಗಿ, ನೀರು ಒಳಬರುವ ತೊಟ್ಟಿಯ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತರು. ಐದೂವರೆಗೆ ಪಾಳಿ ಮುಗಿದ ಗಂಟೆ ಕೇಳಿಸಿತು. ಕಾಲು ಗಂಟೆಯಲ್ಲಿ ಒಂಬತ್ತು ಕೊಳವೆಗಳಿಂದಲೂ ಒಟ್ಟಿಗೆ ಹಸಿರು ಹಳದಿ ನೀರು ಭೋರ್ಗರೆದು ಬಂತು. ತೊಟ್ಟಿ ತುಂಬಿತು, ತುಂಬಿ ಮೇಲಿನ ಅಂಚು ದಾಟಿತು, ದಾಟಿದ ನೀರು ಯಾವ ಶುದ್ಧಿಯನ್ನೂ ಕಾಣದೆ ಪಕ್ಕದ ಮೋರಿಯ ಮೂಲಕ ನೇರ ಕಾಲುವೆಗೆ ಇಳಿಯಿತು. ಹತ್ತಿರದ ಶೆಡ್ಡಿನ ಮಾಲೀಕ ಮುನಿಕೃಷ್ಣನನ್ನು ಕರೆದು ಕೇಳಿದರೆ ಅವನು ಅಚ್ಚರಿಪಟ್ಟ.

“ಶನಿವಾರ ತೊಟ್ಟಿ ತೊಳ್ಯೋದಲ್ವಾ ಸಾರ್? ನಾಳೆ ಲೀವು. ಮೊದ್ಲಿಂದ್ಲೂ ಇದೇ ಪಳಕ್ಕ. ನಿಮ್ಗೆ ಗೊತ್ತಿಲ್ವಾ?”

ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ವಾರದ ಕೊನೆಗೆ ಆಮ್ಲದ ತೊಟ್ಟಿಗಳನ್ನು ಬರಿದು ಮಾಡಿ ತೊಳೆಯುವುದು ಆ ಕಸುಬಿನಲ್ಲಿ ಮನೆಮನೆಗೂ ಗೊತ್ತಿರುವ ವಿಷಯ. ರಂಜಿನಿ ದಿನನಿತ್ಯದ ನೀರಿನ ಲೆಕ್ಕಕ್ಕೆ ಘಟಕ ಕಟ್ಟಿದ್ದಳು. ವೆಂಕಟಾಚಲರು ದಿನನಿತ್ಯದ ಮೊದಲ ಸೀಸೆಯನ್ನು ನೋಡುತ್ತಿದ್ದರು. ಬೆಳಿಗ್ಗೆ ಸರಿಯಿದ್ದದ್ದು ಸಂಜೆಗೂ ಸರಿಯಿರುತ್ತದೆಂಬುದು ಹಲ್ಲುಚಕ್ರಗಳ ಸತ್ಯ, ನೀರಿನದಲ್ಲ. ಆ ವಾರದ ತನಕ, ಎರಡು ವರ್ಷದಲ್ಲಿ ಒಮ್ಮೆಯೂ ಅವರು ಪಾಳಿಯ ಕೊನೆಯ ಸೀಸೆಯನ್ನು ಹಿಡಿದಿರಲಿಲ್ಲ.

ಅವರು ಎದ್ದರು. ಮುಖ್ಯ ಕವಾಟವನ್ನು ಎರಡೂ ಕೈಯಿಂದ ತಿರುಗಿಸಿ ಮುಚ್ಚಿ, ಬಲ ಜೇಬಿನಿಂದ ಕೆಂಪು ಚೀಟಿ ತೆಗೆದು, ದಿನಾಂಕ, ಹೊತ್ತು ಬರೆದು, ಕಾರಣದ ಜಾಗದಲ್ಲಿ ‘ತಪಾಸಣೆಯ ದೋಷ’ ಎಂದು ಬರೆದು ಸಹಿ ಮಾಡಿ ಕಟ್ಟಿದರು. ಕೊಳವೆಗಳ ಬಾಯಿ ಮುಚ್ಚುವಂತೆ ಮುನಿಕೃಷ್ಣ ಓಡಿಹೋಗಿ ಎಲ್ಲ ಶೆಡ್ಡುಗಳಿಗೂ ಹೇಳಿದ. ಘಟಕ ನಿಂತರೆ ಒಂಬತ್ತು ಶೆಡ್ಡೂ ನಿಲ್ಲಬೇಕು. ಸೋಮವಾರ ಬೆಳಿಗ್ಗೆ ನೂರೆಂಬತ್ತು ಜನ ಕೆಲಸವಿಲ್ಲದೆ ಬಾಗಿಲಲ್ಲಿ ನಿಲ್ಲುತ್ತಾರೆ, ಅದೇ ಬಾಗಿಲಲ್ಲಿ ಬೆಂಗಳೂರಿನ ಕಾರೂ ಬಂದು ನಿಲ್ಲುತ್ತದೆ.

ಸುದ್ದಿ ಮುಟ್ಟಿ ರಂಜಿನಿ ಸ್ಕೂಟರಿನಲ್ಲಿ ಬಂದಳು. ಚೀಟಿಯನ್ನು ಓದಿದಳು.

“ಅಂಕಲ್, ತಪ್ಪಾಗಿದೆ, ಒಪ್ಕೋತೀನಿ. ಸರಿ ಮಾಡ್ತೀನಿ. ಆದ್ರೆ ಇದನ್ನ ಮಂಗಳವಾರ ಕಟ್ಟಿ. ಎರಡೇ ದಿನ. ಅವ್ರು ದುಡ್ಡು ಹಾಕಿದ್ರೆ ದೊಡ್ಡ ತೊಟ್ಟೀನೇ ಕಟ್ಸಬಹುದು. ಕೆರೆಗೇ ಒಳ್ಳೇದಲ್ವಾ?”

ಅವಳ ಮಾತಿನಲ್ಲಿ ನ್ಯಾಯವಿರಲಿಲ್ಲವೆಂದು ನಾನು ಹೇಳಲಾರೆ. ನಿಜ ಹೇಳಬೇಕೆಂದರೆ ಆ ಕ್ಷಣದಲ್ಲಿ ನಾನು ಅವಳ ಪಕ್ಷ. ಎರಡು ವರ್ಷ ಹರಿದದ್ದು ಇನ್ನೆರಡು ದಿನ ಹರಿದರೆ ಏನಾದೀತು, ಒಳ್ಳೆಯ ಉದ್ದೇಶಕ್ಕೆ ಅಷ್ಟು ಮೌನ ಸಲ್ಲದೇ ಎಂದು ನಾನೂ ಮೆಲ್ಲಗೆ ಗೊಣಗಿದೆ. ವೆಂಕಟಾಚಲರು ನನ್ನ ಕಡೆ ನೋಡಲಿಲ್ಲ.

“ಸೋಮವಾರ ಆಕೆ ಬಂದು ಕೇಳೋದು ನನ್ನನ್ನೇ, ರಂಜಿನಿ. ನೀರು ಸರಿ ಇದೆಯಾ ಅಂತ. ನಾನು ಏನಮ್ಮ ಹೇಳ್ಲಿ?”

ಅವಳು ಕವಾಟದ ಪಕ್ಕದ ಕಟ್ಟೆಯ ಮೇಲೆ ಕುಳಿತು ಅತ್ತಳು. ಅವರು ಸಮಾಧಾನ ಹೇಳುವ ಕಲೆಯನ್ನು ಅರಿಯದವರು. ಕೋಟು ಬಿಚ್ಚಿ ಅವಳ ಹೆಗಲಿಗೆ ಹಾಕಿ, ತಾವು ಬನಿಯನ್ ಮತ್ತು ಪ್ಯಾಂಟಿನಲ್ಲೇ ಬೀದಿ ಹಿಡಿದು ನಡೆದರು. ಹತ್ತು ಹೆಜ್ಜೆಗೊಮ್ಮೆ ನಿಲ್ಲದೆ ಅವರು ನಡೆದದ್ದನ್ನು ಅಂದೇ ನಾನು ನೋಡಿದ್ದು.

ಮರುದಿನ ಹನ್ನೊಂದು ಜನರನ್ನೂ ಕೂಡಿಸಿ ವೆಂಕಟಾಚಲರು ನಿಂತುಕೊಂಡು ಹೇಳಿದರು: ತಪ್ಪು ರಂಜಿನಿಯದಲ್ಲ, ಪ್ಲೇಟಿಂಗಿನವರದ್ದೂ ಅಲ್ಲ, ನೋಡುವ ಕೆಲಸ ನನ್ನದಾಗಿತ್ತು, ನಾನು ನೋಡಲಿಲ್ಲ. ಹೊಲದ ಹೆಂಗಸು ಮೂರು ಸಲ ಬಂದು ಹೇಳಿದರೂ ಪುಸ್ತಕ ತೋರಿಸಿ ಕಳಿಸಿದೆ, ಎಂದರು. ಸಭೆಯಲ್ಲಿ ಗದ್ದಲವೆದ್ದಿತು. ಮಾದೇಶ್ ಮಾತ್ರ ಗಲಾಟೆ ಮಾಡಲಿಲ್ಲ. ಕೊನೆಯಲ್ಲಿ ಎದ್ದು, ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದ.

“ನೀವು ಮಾಡಿದ್ದು ಸರಿ ಇರ್ಬೋದು ಸಾರ್. ನನ್ಗೊಬ್ನಿಗೆ ಮುಂಚೆ ಹೇಳ್ಬೋದಾಗಿತ್ತು.”

ಮೂವತ್ತು ವರ್ಷದ ‘ಲಾ’ ಹೋಗಿ ‘ಸಾರ್’ ಬಂದಿತ್ತು. ಮರ್ಯಾದೆ ಕೊಟ್ಟು ಒಬ್ಬನನ್ನು ಇಷ್ಟು ದೂರ ತಳ್ಳಬಹುದೆಂದು ನಾನು ಅಂದೇ ತಿಳಿದದ್ದು. ಮಾದೇಶ್ ಮತ್ತು ಇನ್ನೊಬ್ಬರು ತಮ್ಮ ಪಾಲನ್ನು ಹಿಂದಕ್ಕೆ ಕೇಳಿದರು. ಉಳಿದ ನಾವು ಹೇಗೋ ಹೊಂದಿಸಿ ಕೊಟ್ಟೆವು.

ಸೋಮವಾರ ನಂದಿತಾ ಬಂದರು. ಮಾತು ಕಡಿಮೆಯ, ಬೇಗ ಬೇಗ ನಡೆಯುವ ಹೆಣ್ಣುಮಗಳು. ನಿಂತ ಘಟಕವನ್ನು, ಒಣಗಿದ ಕೊಳವೆಯನ್ನು, ಬಾಗಿಲಲ್ಲಿ ಕೈಕಟ್ಟಿ ನಿಂತ ಜನರನ್ನು, ಕವಾಟದ ಕೆಂಪು ಚೀಟಿಯನ್ನು ನೋಡಿದರು. ವೆಂಕಟಾಚಲರು ಅವರನ್ನು ಮೊದಲು ಕಚೇರಿಗೆ ಕರೆದೊಯ್ಯಲಿಲ್ಲ, ಗೋವಿಂದಮ್ಮನ ಹೊಲಕ್ಕೆ ಕರೆದೊಯ್ದರು. ಅಲ್ಲಿ ಅಂಚು ಸುಟ್ಟ ಕೊತ್ತಂಬರಿಯ ಸಾಲಿನಲ್ಲಿ ನಿಂತು ಗೋವಿಂದಮ್ಮನಿಗೆ ಕೈಮುಗಿದು, “ನೀವು ಹೇಳಿದ್ದೇ ಸರಿಯಮ್ಮ. ನಾನು ಕೇಳ್ಲಿಲ್ಲ” ಎಂದರು. ಗೋವಿಂದಮ್ಮ ಬೈಯುತ್ತಾಳೆಂದು ನಾನು ಕಾದಿದ್ದೆ. ಅವಳು ಇದ್ದಕ್ಕಿದ್ದಂತೆ ಒಂದು ಪ್ರಶ್ನೆ ಕೇಳಿದಳು.

“ಅಲ್ಲಾ ಸಾಮಿ, ಒಂಬತ್ತು ಮನೇರೂ ಒಂದೇ ದಿನ ಯಾಕ್ ತೊಳೀಬೇಕು? ಕೆರೆ ನೀರ್ನ ನಾವು ಸರದಿ ಮೇಲ್ ಬಿಟ್ಕೊಳ್ಳಲ್ವಾ? ಸೋಮ್ವಾರ ಒಬ್ರು, ಮಂಗ್ಳವಾರ ಒಬ್ರು. ಎಲ್ರೂ ಒಟ್ಗೆ ತೂಬು ತೆಗುದ್ರೆ ಕಟ್ಟೆ ನಿಂತಾತಾ?”

ನಮ್ಮಲ್ಲಿ ಎಂಜಿನಿಯರಿದ್ದಳು, ತಪಾಸಕರಿದ್ದರು, ಬಂಡವಾಳ ಹಾಕುವವರಿದ್ದರು. ಇದು ಯಾರಿಗೂ ಹೊಳೆದಿರಲಿಲ್ಲ. ಒಂಬತ್ತು ಶೆಡ್ಡಿನವರನ್ನು ಕೂಡಿಸಿ ಸರದಿ ಗೊತ್ತು ಮಾಡಲು ಮೂರು ದಿನ ಹಿಡಿಯಿತು. ಭಾನುವಾರವೂ ಒಬ್ಬ ಕೆಲಸದವನನ್ನು ಕರೆಸಬೇಕಾಗುತ್ತದೆಂದು ಇಬ್ಬರು ತಕರಾರು ತೆಗೆದರು, ಮುನಿಕೃಷ್ಣ ಅವರನ್ನು ತೆಲುಗಿನಲ್ಲಿ ಗದರಿಸಿ ಒಪ್ಪಿಸಿದ. ಒಂಬತ್ತನೆಯ ದಿನ, ಪ್ರಯೋಗಕ್ಕೆಂದು ಒಂದು ಶೆಡ್ಡಿನ ತೊಟ್ಟಿ ತೊಳೆಸಿ, ಘಟಕದಿಂದ ಹೊರಬಂದ ಕಟ್ಟಕಡೆಯ ಸೀಸೆಯನ್ನು ಪರೀಕ್ಷಿಸಿದ ಮೇಲೆ, ವೆಂಕಟಾಚಲರು ತಾವೇ ಹೋಗಿ ಚೀಟಿ ಬಿಚ್ಚಿದರು.

ನಂದಿತಾರ ಸಂಸ್ಥೆ ಮಾತ್ರ ಕೂಡಲೇ ಒಲಿಯಲಿಲ್ಲ. ಅವರ ಸಮಿತಿಗೆ ತಡೆಯಿಲ್ಲದೆ ನಡೆದ ದಾಖಲೆ ಬೇಕಿತ್ತು. ಒಂಬತ್ತು ದಿನ ನಿಂತ ಘಟಕ ಅವರ ಕಣ್ಣಿಗೆ ಅಪಾಯದ ಗುರುತಾಗಿ ಕಂಡಿತು. ಏಳು ತಿಂಗಳು ಕಳೆದ ಮೇಲೆ ಅವರು ಮತ್ತೆ ಬಂದರು, ಮೊದಲು ಹೇಳಿದ್ದರ ಅರ್ಧದಷ್ಟು ಬಂಡವಾಳದೊಂದಿಗೆ, ಜೊತೆಗೆ ವಕೀಲರ ಒಂದು ಶರತ್ತಿನೊಂದಿಗೆ. ಇಷ್ಟು ದೊಡ್ಡ ಘಟಕವನ್ನು ಯಾರೋ ಒಬ್ಬ ವ್ಯಕ್ತಿ ಒಂದು ಚೀಟಿ ಕಟ್ಟಿ ನಿಲ್ಲಿಸುವಂತಿರಬಾರದು. ಆ ಕಲಮನ್ನು ತೆಗೆದುಹಾಕಬೇಕು. ರಂಜಿನಿ ವೆಂಕಟಾಚಲರ ಮುಖ ನೋಡಿದಳು. ಈ ಬಂಡವಾಳ ತಪ್ಪಿದರೆ ಹೆಚ್ಚಿನ ದಿನ ಉಸಿರು ಹಿಡಿಯುವ ಶಕ್ತಿ ಘಟಕಕ್ಕಿರಲಿಲ್ಲ, ಅದು ಅವರಿಗೆ ಗೊತ್ತಿತ್ತು. ಮೇಜಿನ ಮೇಲಿದ್ದ ಕಾಗದದಲ್ಲಿ ಆ ಕಲಮಿನ ಮೇಲೆ ಅವರು ಬೆರಳಿಟ್ಟರು.

“ನನ್ನ ಹೆಸರು ತೆಗೀರಿ. ತೆಗೀಲೇಬೇಕು. ನಾನು ಎರಡು ವರ್ಷ ತಪ್ಪು ನೋಡಿದವನು. ಅಲ್ಲಿ ಗೋವಿಂದಮ್ಮನ ಹೆಸರು ಬರೀರಿ.”

ನಂದಿತಾ ನಗಲು ಹೊರಟವರು ನಗಲಿಲ್ಲ. “ಆಕೆ ಹೂಡಿಕೆದಾರಳಲ್ಲವಲ್ಲ?” ಎಂದರು.

“ಹೊಲ ಹಾಕಿದ್ದಾಳಲ್ಲಮ್ಮ,” ಎಂದರು ವೆಂಕಟಾಚಲರು, “ನಾವು ಕೇಳ್ದೇನೇ.”

ಸಂಸ್ಥೆಯವರು ಇದನ್ನು ಅರಗಿಸಿಕೊಳ್ಳಲು ಇನ್ನೂ ಇಪ್ಪತ್ತು ದಿನ ತೆಗೆದುಕೊಂಡರು. ಕೊನೆಗೆ, ಗೋವಿಂದಮ್ಮ ಚೀಟಿ ಕಟ್ಟಿದ ಹನ್ನೆರಡು ಗಂಟೆಯೊಳಗೆ ಪರೀಕ್ಷೆ ನಡೆಯಬೇಕು, ಅಲ್ಲಿಯವರೆಗೆ ಯಾರೂ ಬಿಚ್ಚಕೂಡದು ಎಂಬ ತಿದ್ದುಪಡಿಯೊಂದಿಗೆ ಒಪ್ಪಿದರು. ಸಹಿ ಹಾಕುವ ದಿನ ಗೋವಿಂದಮ್ಮ ಹೊಸ ಸೀರೆ ಉಟ್ಟು ಬಂದಿದ್ದಳು. ಚೀಟಿಗಳ ಕಟ್ಟನ್ನು ಕೈಗೆ ತೆಗೆದುಕೊಂಡು, ಇಷ್ಟೇನಾ, ಇನ್ನೇನೂ ಓದಬೇಕಾಗಿಲ್ಲವಾ ಎಂದು ಎರಡು ಸಲ ಕೇಳಿದಳು. ಈವರೆಗೆ ಅವಳು ಎರಡು ಬಾರಿ ಚೀಟಿ ಕಟ್ಟಿದ್ದಾಳೆ. ಒಂದು ಸಲ ಅವಳದೇ ತಪ್ಪಾಗಿತ್ತು, ಮಳೆಯ ಕೆಂಪು ಮಣ್ಣನ್ನು ಕಂಡು ಹೆದರಿದ್ದಳು. ಇನ್ನೊಂದು ಸಲ ಅವಳದೇ ಸರಿಯಾಗಿತ್ತು. ಎರಡು ಸಲವೂ ಘಟಕ ನಿಂತಿತು, ಎರಡು ಸಲವೂ ಯಾರೂ ಅವಳಿಗೆ ಪುಸ್ತಕ ತೋರಿಸಲಿಲ್ಲ.

ಮಾದೇಶ್ ಈಗಲೂ ಮಾರುಕಟ್ಟೆಯಲ್ಲಿ ಎದುರಾದರೆ ಕೈಮುಗಿದು ‘ನಮಸ್ಕಾರ ಸಾರ್’ ಎನ್ನುತ್ತಾನೆ. ವೆಂಕಟಾಚಲರೂ ಕೈಮುಗಿಯುತ್ತಾರೆ. ಮನೆಗೆ ಬಂದ ಮೇಲೆ ಆ ದಿನ ಅವರು ಊಟ ಸರಿಯಾಗಿ ಮಾಡುವುದಿಲ್ಲವೆಂದು ಮಂಗಳಾ ನನ್ನ ಬಳಿ ಹೇಳಿದ್ದಾರೆ.

ಪರಿಸರದ ಕೆಲಸಕ್ಕೆ ಬುದ್ಧಿವಂತರು ಬೇಕು, ಬಂಡವಾಳದವರು ಬೇಕು, ಅವರಿಬ್ಬರೂ ಕೈಜೋಡಿಸಬೇಕು ಎಂದು ಈಗ ಎಲ್ಲ ಸಭೆಗಳಲ್ಲೂ ಕೇಳುತ್ತೇವೆ. ನಿಜವೇ, ಅವರಿಲ್ಲದೆ ಏನೂ ಶುರುವಾಗುವುದಿಲ್ಲ. ಆದರೆ ಶುರುವಾದದ್ದನ್ನು, ಅದೂ ಎಲ್ಲರೂ ಚಪ್ಪಾಳೆ ತಟ್ಟಲು ಕೈ ಎತ್ತಿದ ಹೊತ್ತಿನಲ್ಲಿ, ತನ್ನದೇ ತಪ್ಪೆಂದು ಬರೆದುಕೊಟ್ಟು ನಿಲ್ಲಿಸಬಲ್ಲ ಮನುಷ್ಯನೊಬ್ಬನೂ ಬೇಕೆಂದು ಯಾವ ಸಭೆಯೂ ಹೇಳುವುದಿಲ್ಲ. ಅಂಥವರು ಒಡನಾಟಕ್ಕೆ ಸುಲಭರಲ್ಲ. ಅವರ ಪ್ರಾಮಾಣಿಕತೆಯ ಬೆಲೆಯನ್ನು ಅವರಷ್ಟೇ ತೆರುವುದಿಲ್ಲ, ಪಕ್ಕದಲ್ಲಿದ್ದ ನಾವೂ ತೆರಬೇಕಾಗುತ್ತದೆ, ಹಾಗೆ ತೆತ್ತವರು ಅವರನ್ನು ಕ್ಷಮಿಸಲೇಬೇಕೆಂದೇನೂ ಇಲ್ಲ. ಅವರಿಂದ ನಷ್ಟಪಟ್ಟವರ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. ಅವರಿಂದಾಗಿ ಉಳಿದುಕೊಂಡವರಿಗೆ ತಾವು ಉಳಿದುಕೊಂಡದ್ದೇ ಗೊತ್ತಿರುವುದಿಲ್ಲ.